ಹುಲ್ಲುಗಾವಲಿನಲ್ಲಿ ನಾಲ್ಕು ದಿನದ ಊರು

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಿಂದ ಆಗ್ನೇಯಕ್ಕೆ ಸುಮಾರು ನೂರು ಕಿ.ಮೀ. ಹೋದರೆ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರು ಸಿಗುತ್ತದೆ. ಇದು ಕಾಫಿ ಕೌಂಟಿಯ ಆಡಳಿತ ಕೇಂದ್ರ. ಹೆಸರು ಕೇಳಿ ನಾನು ಮೂಗರಳಿಸಿದೆ. ‘ಇಲ್ಲಿ ಕಾಫಿ ತೋಟ ಇಲ್ಲ ಅಪ್ಪಾ, ಜಾನ್ ಕಾಫಿ ಅನ್ನೋ ಸೇನಾಧಿಕಾರಿಯ ಹೆಸರು ಅದು’ ಎಂದು ಮಗಳು ನಕ್ಕಳು.

ಅವಳು ನ್ಯಾಶ್‌ವಿಲ್‌ನಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿನ ‘ಬೊನರೂ’ ಸಂಗೀತೋತ್ಸವಕ್ಕೆ ಹೋಗುತ್ತೇನೆಂದು ಅವಳು ಕೇಳಿದಾಗಲೆಲ್ಲ ನಾನು ಫೋನಿನಲ್ಲೇ ಬೇಡ ಎಂದಿದ್ದೆ. ಬಯಲಿನಲ್ಲಿ ಡೇರೆ, ಹಗಲಿರುಳು ಸಂಗೀತ, ಗುರುತಿಲ್ಲದ ಸಾವಿರಾರು ಜನ! ಯಾವ ತಂದೆ ತಾನೇ ಹೂಂ ಎಂದಾನು? 2025ರ ಅಕ್ಟೋಬರಿನಲ್ಲಿ ನಾನು ಅಲ್ಲಿಗೆ ಹೋದಾಗ, ‘ಬೇಡ ಅನ್ನೋ ಮೊದಲು ಜಾಗವನ್ನಾದರೂ ನೋಡು’ ಎಂದು ಕಾರು ಹತ್ತಿಸಿದಳು.

ಕಂಡದ್ದು ಬೇಲಿಯಾಚೆಯ ಹುಲ್ಲುಗಾವಲು, ಅಷ್ಟೆ. ವಿಸ್ತಾರ ಸುಮಾರು 700 ಎಕರೆ. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ 12 ಸಾವಿರದಷ್ಟು. ಉತ್ಸವದ ನಾಲ್ಕು ದಿನ ಅದರ ಹಲವು ಪಟ್ಟು ಜನ ಈ ಬಯಲಿನಲ್ಲೇ ಉಂಡು, ಮಲಗಿ, ಏಳುತ್ತಾರೆ.

ಇದರ ಬೇರು ‘ಜಾಮ್ ಬ್ಯಾಂಡ್’ ಎಂಬ ಪದ್ಧತಿಯಲ್ಲಿದೆ. ಹಾಡಿನ ಚೌಕಟ್ಟು ಮೊದಲೇ ಗೊತ್ತಿರುತ್ತದೆ. ವಾದಕರು ಅದನ್ನು ವೇದಿಕೆಯ ಮೇಲೆಯೇ ತಮಗೆ ತೋಚಿದಂತೆ ಬೆಳೆಸುತ್ತಾರೆ. ಇಂದು ಐದು ನಿಮಿಷದಲ್ಲಿ ಮುಗಿದ ಹಾಡು ನಾಳೆ ಇಪ್ಪತ್ತು ನಿಮಿಷವಾಗಬಹುದು. ನಮ್ಮವರಿಗೆ ‘ಮನೋಧರ್ಮ’ ಎಂದರೆ ಸಾಕು, ಅರ್ಥವಾಗುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ತಂಡ ಈ ಪದ್ಧತಿಗೆ ಮೂಲಪುರುಷನಿದ್ದಂತೆ. ಅದರ ಡ್ರಮ್ ವಾದಕ ಮಿಕಿ ಹಾರ್ಟ್ ನಮ್ಮ ತಬಲಾ ಮಾಂತ್ರಿಕ ಅಲ್ಲಾ ರಖಾ ಅವರಲ್ಲಿ ಲಯದ ಪಾಠ ಕಲಿತವರು. ಮುಂದೆ ಜಾಕಿರ್ ಹುಸೇನ್, ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ ಮೊದಲಾದವರೊಡನೆ ಹಾರ್ಟ್ ರೂಪಿಸಿದ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಗೆ 1992ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಒಂದು ಕಛೇರಿಯಂತೆ ಇನ್ನೊಂದು ಇರದ ಕಾರಣ ಅಭಿಮಾನಿಗಳು ಪ್ರತಿಯೊಂದನ್ನೂ ಟೇಪ್ ಮಾಡಿಕೊಳ್ಳತೊಡಗಿದರು. ತಂಡ ಅದನ್ನು ತಡೆಯಲಿಲ್ಲ. 1984ರಲ್ಲಿ ಅವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟಿತು! ಕ್ಯಾಸೆಟ್‌ಗಳು ಕೈಯಿಂದ ಕೈಗೆ ದಾಟಿದವು. ತಂಡದ ಹಿಂದೆ ಊರೂರು ಸುತ್ತುವ ಶ್ರೋತೃವರ್ಗವೇ ಬೆಳೆಯಿತು. 1996ರಲ್ಲಿ ‘ಫಿಶ್’ ಎಂಬ ತಂಡ ನ್ಯೂಯಾರ್ಕ್ ರಾಜ್ಯದ ಹಳೆಯ ವಾಯುನೆಲೆಯೊಂದರಲ್ಲಿ ಡೇರೆ ಹಬ್ಬ ನಡೆಸಿದಾಗ ಸುಮಾರು 70 ಸಾವಿರ ಜನ ಸೇರಿದರು.

ಅದೇ ಜಾಡಿನಲ್ಲಿ 2002ರ ಜೂನ್‌ನಲ್ಲಿ ಬೊನರೂ ಆರಂಭವಾಯಿತು. ಪತ್ರಿಕೆ, ರೇಡಿಯೊ ಜಾಹೀರಾತುಗಳ ಭರಾಟೆಯಿಲ್ಲದೆ, ಹೆಚ್ಚಾಗಿ ಅಂತರ್ಜಾಲದಲ್ಲಿ ಹಬ್ಬಿದ ಸುದ್ದಿಯಿಂದಲೇ 70 ಸಾವಿರದಷ್ಟು ಟಿಕೆಟ್‌ಗಳು ಎರಡು ವಾರದ ಆಸುಪಾಸಿನಲ್ಲಿ ಖರ್ಚಾದವು. ಕ್ರಮೇಣ ರಾಕ್, ಹಿಪ್‌ಹಾಪ್ ಮುಂತಾದ ಬೇರೆ ಪ್ರಕಾರಗಳೂ ಸೇರಿಕೊಂಡವು. 2006ರಲ್ಲಿ ಇಂಗ್ಲೆಂಡಿನ ‘ರೇಡಿಯೊಹೆಡ್’ ಬಂದು ನುಡಿಸಿತು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಭೌತಶಾಸ್ತ್ರದ ಪಾಠವಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯಿಂದ 170 ಮೀಟರ್ ದೂರದಲ್ಲಿ ನಿಂತವನಿಗೆ ತಾಳ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ. ಆ ದೂರದಲ್ಲಿ ಇನ್ನೊಂದು ಧ್ವನಿವರ್ಧಕ ಇಟ್ಟರೆ ತಂತಿಯಲ್ಲಿ ಬಂದ ಸಂಕೇತ ಕ್ಷಣಾರ್ಧದಲ್ಲಿ ಮುಟ್ಟಿ, ಒಂದೇ ಪೆಟ್ಟು ಎರಡು ಸಲ ಕೇಳುತ್ತದೆ. ಆದ್ದರಿಂದ ಇಂಥ ಬಯಲು ಕಛೇರಿಗಳಲ್ಲಿ ದೂರದ ಧ್ವನಿವರ್ಧಕಗಳನ್ನು ಬೇಕೆಂದೇ ಅಷ್ಟು ತಡಮಾಡಿಸುತ್ತಾರೆ.

ಹೀಗೆ ಶಬ್ದವನ್ನು ಪಳಗಿಸಿದ ಮನುಷ್ಯ ಮಳೆಯ ಮುಂದೆ ಸೋತ. 2020ರಲ್ಲಿ ಉತ್ಸವ ರದ್ದಾದದ್ದು ಕೋವಿಡ್‌ನಿಂದ. 2021ರಲ್ಲಿ ಸೆಪ್ಟೆಂಬರಿಗೆ ಗೊತ್ತುಮಾಡಿದ್ದ ಉತ್ಸವವನ್ನು ನುಂಗಿದ್ದು ‘ಐಡಾ’ ಚಂಡಮಾರುತದ ಮಳೆ. ವಿಚಿತ್ರವೆಂದರೆ, ಬೊನರೂ ಎಂಬ ಹೆಸರನ್ನು ಆರಿಸಿದ್ದು ಲೂಸಿಯಾನದ ನ್ಯೂ ಆರ್ಲಿಯನ್ಸ್‌ನ ಗಾಯಕ ಡಾಕ್ಟರ್ ಜಾನ್ ಅವರ 1974ರ ಧ್ವನಿಮುದ್ರಿಕೆಯ ಶೀರ್ಷಿಕೆಯಿಂದ. ಐಡಾ ನೆಲ ಮುಟ್ಟಿದ್ದೂ ಲೂಸಿಯಾನದಲ್ಲೇ. ಹೆಸರು ಬಂದ ದಿಕ್ಕಿನಿಂದಲೇ ಮಳೆಯೂ ಬಂತು! 2025ರಲ್ಲಂತೂ ಜೂನ್ 12ಕ್ಕೆ ಶುರುವಾದ ಉತ್ಸವ ಮರುದಿನವೇ ನಿಂತಿತು.

ಮಳೆ ಬಂದರೆ ಕೊಡೆ ಹಿಡಿಯಬಹುದಲ್ಲ ಎನ್ನಬಹುದು. ತೊಂದರೆ ಇರುವುದು ನೆತ್ತಿಯ ಮೇಲಲ್ಲ, ಕಾಲ ಕೆಳಗೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಂಡರೆ ಕಣಗಳ ಪರಸ್ಪರ ಹಿಡಿತ ಸಡಿಲುತ್ತದೆ, ನೆಲ ಭಾರ ತಾಳುವುದಿಲ್ಲ. ಸಾವಿರಾರು ಕಾರುಗಳ ಚಕ್ರ ಹೂತರೆ ಆಂಬುಲೆನ್ಸ್ ಕೂಡ ಅಲುಗಾಡದು. ವರ್ಷಗಟ್ಟಲೆ ಸಿದ್ಧತೆ ಮಾಡಿದ್ದರೂ ಎರಡನೇ ದಿನವೇ ‘ಸಾಕು’ ಎನ್ನುವುದಕ್ಕೆ ಎದೆಗಾರಿಕೆ ಬೇಕು. ನನಗೆ ಉತ್ಸವದ ಮೇಲೆ ನಂಬಿಕೆ ಹುಟ್ಟಿದ್ದು, ಅದು ನಿಂತ ಕಥೆ ಕೇಳಿದ ಮೇಲೆಯೇ.

ಹಿಂದಿರುಗುವಾಗ ಅದೇ ಊರಿನ ‘ಓಲ್ಡ್ ಸ್ಟೋನ್ ಫೋರ್ಟ್’ ನೋಡಿದೆವು. ಡಕ್ ಮತ್ತು ಲಿಟಲ್ ಡಕ್ ನದಿಗಳ ನಡುವಿನ ಎತ್ತರದ ನೆಲದಲ್ಲಿ ಮೂಲನಿವಾಸಿಗಳು ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ವರ್ಷಗಳ ಹಿಂದೆ ಕಲ್ಲು, ಮಣ್ಣಿನಿಂದ ಕಟ್ಟಿದ ಆವರಣವಿದು. ಹೆಸರಿಗೆ ಕೋಟೆ, ನಿಜಕ್ಕೂ ಅದು ಜನ ಆಚರಣೆಗಳಿಗಾಗಿ ಸೇರುತ್ತಿದ್ದ ತಾಣವೆಂಬುದು ತಜ್ಞರ ಅಭಿಪ್ರಾಯ. ಅದರ ಪ್ರವೇಶದ್ವಾರ ಜೂನ್ 21ರ ಸುಮಾರಿನ, ವರ್ಷದ ಅತಿ ದೀರ್ಘ ಹಗಲಿನ ಸೂರ್ಯೋದಯದ ದಿಕ್ಕಿಗೆ ಮುಖಮಾಡಿದೆ. ವ್ಯತ್ಯಾಸ ಒಂದು ಡಿಗ್ರಿಯೊಳಗೆ!

ಅಂದೂ ಜೂನ್, ಇಂದೂ ಜೂನ್. ಜನ ಸೇರಬೇಕೆನ್ನುವ ಆಸೆ ಈ ಊರಿಗೆ ಹೊಸದಲ್ಲ. ಆದರೆ ಎಷ್ಟು ಜನ, ಎಷ್ಟು ದಿನ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ನೆಲವೇ.

‘ಈಗ ಏನಂತೀಯ ಅಪ್ಪಾ?’ ಎಂದಳು ಮಗಳು.

‘ಹೋಗಿ ಬಾ. ಆದರೆ ಹೊರಡುವ ಮುಂಚೆ ಯಾರು ಹಾಡುತ್ತಾರೆ ಅನ್ನೋದರ ಜೊತೆಗೆ ಹವಾಮಾನ ವರದಿಯನ್ನೂ ನೋಡು’ ಎಂದೆ.