ತೋಡಿಯ ಗಾಂಧಾರಕ್ಕೊಂದು ಪೆನ್ನು

ಗ್ರಾಫಿಕ್ಸ್ ಟ್ಯಾಬ್ಲೆಟ್ ಅಂದ್ರೆ ಗೊತ್ತಲ್ವಾ? ನುಂಗೋ ಮಾತ್ರೆ ಅಲ್ಲ :-) ಚಿತ್ರ ಬಿಡಿಸೋರು ಕಂಪ್ಯೂಟರಿಗೆ ಸಿಕ್ಕಿಸ್ಕೊಳ್ಳೋ ಸ್ಲೇಟು, ಅದರ ಜೊತೆಗೊಂದು ಪೆನ್ನು. ಪೆನ್ನು ಎಲ್ಲಿದೆ, ಎಷ್ಟು ಒತ್ತಿದೀರಿ, ಎಷ್ಟು ಓರೆಯಾಗಿ ಹಿಡಿದಿದೀರಿ ಅನ್ನೋದನ್ನೆಲ್ಲ ಅದು ಸೆಕೆಂಡಿಗೆ ನೂರಾರು ಸಲ ಕಂಪ್ಯೂಟರಿಗೆ ಹೇಳ್ತಾ ಇರುತ್ತೆ. ಇದು ಕುಂಚ ಹಿಡಿಯೋರ ಸಾಮಾನು ಅಂತ ಎಲ್ಲರೂ ಅಂದ್ಕೊಂಡಿದಾರೆ. ನನಗೆ ಮಾತ್ರ ಇದು ನಮ್ಮ ಸಂಗೀತಕ್ಕೇ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ.

ಯಾಕೆ ಅಂದ್ರೆ ಗಮಕ. ತೋಡಿ ರಾಗದ ಗಾಂಧಾರ ತಗೊಳ್ಳಿ. ಅದು ಒಂದು ಕಡೆ ನಿಲ್ಲೋ ಸ್ವರವೇ ಅಲ್ಲ, ರಿಷಭ ಮಧ್ಯಮಗಳ ನಡುವೆ ತೂಗುಯ್ಯಾಲೆ ಆಡ್ತಾ ಇರುತ್ತೆ. ಪುಸ್ತಕದಲ್ಲಿ 'ಗ' ಅಂತ ಒಂದೇ ಅಕ್ಷರ. ಕೀಬೋರ್ಡಿನಲ್ಲಿ ಒಂದೇ ಮನೆ. ವೀಣೆಯವರು ತಂತಿ ಎಳೆದು ಅದನ್ನ ತೋರಿಸ್ತಾರೆ. ಪೆನ್ನಿನಲ್ಲೂ ಅಷ್ಟೇ, ಅಡ್ಡಡ್ಡ ಎಳೆದರೆ ಶ್ರುತಿ ಜಾರುತ್ತೆ, ಒತ್ತಿದರೆ ದನಿ ಏರುತ್ತೆ.

ಇದು ಹೊಸ ಹುಚ್ಚೇನಲ್ಲ. ಯಾನಿಸ್ ಕ್ಸೆನಾಕಿಸ್ 1977ರಲ್ಲೇ ಪ್ಯಾರಿಸ್ಸಿನಲ್ಲಿ 'ಯುಪಿಕ್' ಅನ್ನೋ ಯಂತ್ರ ಮಾಡಿಸಿ, ದೊಡ್ಡ ಟ್ಯಾಬ್ಲೆಟ್ ಮೇಲೆ ಗೆರೆ ಎಳೆದು ಸಂಗೀತ ಬರೆದಿದ್ದರು. ಫ್ರಾನ್ಸಿನ ಸಂಶೋಧಕರ 'ಕ್ಯಾಂಟರ್ ಡಿಜಿಟಾಲಿಸ್'ನಲ್ಲಿ ಪೆನ್ನು ಎಳೆದರೆ ಕಂಪ್ಯೂಟರ್ ಸ್ವರಾಕ್ಷರ ಹಾಡುತ್ತೆ. 2015ರಲ್ಲಿ ಅಮೆರಿಕದ ಗುತ್ಮನ್ ವಾದ್ಯ ಸ್ಪರ್ಧೆಯಲ್ಲಿ ಅದಕ್ಕೇ ಮೊದಲ ಬಹುಮಾನ. ಗಂಟಲಿನಲ್ಲಿ ಹಾಡುವಾಗ ಶ್ರುತಿ ಎಷ್ಟು ಸರಿಯಾಗಿ ನಿಲ್ಲುತ್ತೋ ಪೆನ್ನಿನಲ್ಲೂ ಅಷ್ಟೇ, ಕೆಲವರಿಗೆ ಇನ್ನೂ ಚೆನ್ನಾಗಿ ನಿಲ್ಲುತ್ತೆ ಅಂತ ಅವರು ಪರೀಕ್ಷೆ ಮಾಡಿ ತೋರಿಸಿದಾರೆ.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಸ್ಥಾಯಿ ಅಂದ್ರೆ 1200 ಸೆಂಟ್ಸ್. ಚಿಕ್ಕ ಟ್ಯಾಬ್ಲೆಟ್ಟಿನ ಅಗಲ ಸುಮಾರು 152 ಮಿಲಿಮೀಟರ್. ಅದರ ಮೇಲೆ ಎರಡು ಸ್ಥಾಯಿ ಹರಡಿದರೆ ಒಂದು ಮಿಲಿಮೀಟರಿಗೆ 16 ಸೆಂಟ್ಸ್ ಬರುತ್ತೆ. ನಮ್ಮ ಪ್ರಮಾಣಶ್ರುತಿ 22 ಸೆಂಟ್ಸ್ ಹತ್ತಿರ, ಅಂದ್ರೆ ಒಂದೂವರೆ ಮಿಲಿಮೀಟರಿಗೂ ಕಮ್ಮಿ. ಕೈ ಪಳಗಿದರೆ ಸಾಧ್ಯ ಇರೋ ಮಾತೇ!

ಈಗ ಅಸಲಿ ತೊಂದರೆಗೆ ಬರ್ತೀನಿ. ಸಾಸ್ವೆಹಳ್ಳಿಯಲ್ಲಿರೋ ನಮ್ಮಕ್ಕನ ಮಗಳು ವಾರಕ್ಕೊಂದು ಸಲ ಶಿವಮೊಗ್ಗಕ್ಕೆ ಪಾಠಕ್ಕೆ ಹೋಗ್ತಾಳೆ. ಮಿಕ್ಕ ಆರು ದಿನ ಅವಳಿಗೆ ಗತಿ, ಮೇಷ್ಟ್ರು ಮೊಬೈಲಿಗೆ ಹಾಡಿ ಕಳಿಸಿದ ಎರಡು ನಿಮಿಷ. "ಮಾಮ, ಆ ಗಾ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕಣ್ಣಿಗೆ ಕಾಣೋ ಹಂಗಿದ್ರೆ ಚೆನ್ನಾಗಿರ್ತಿತ್ತು" ಅಂದಳು. ಮೇಷ್ಟ್ರು ಪೆನ್ನಿನಲ್ಲಿ ಎಳೆದ ಗೆರೆಯನ್ನೇ ಕಳಿಸಿದರೆ, ಇವಳು ಅದನ್ನ ನಿಧಾನವಾಗಿ ಓಡಿಸಿ, ಅದರ ಮೇಲೇ ತಿದ್ದಿ, ಜೊತೆಗೆ ಹಾಡಬಹುದು. ಆದರೆ ಇವಳ ಹಳೇ ಕಂಪ್ಯೂಟರಿನಲ್ಲಿರೋದು ಲಿನಕ್ಸ್, ಮೇಷ್ಟ್ರದು ವಿಂಡೋಸ್, ನನ್ನದು ಮ್ಯಾಕ್.

ಪ್ಯೂರ್ ಡೇಟಾ, ಸೂಪರ್‌ಕೊಲೈಡರ್ ಥರದ ಮುಕ್ತ ತಂತ್ರಾಂಶಗಳು ಮೂರರಲ್ಲೂ ಓಡುತ್ತವೆ. ಪೆನ್ನಿನ ಕಥೆಯೇ ಬೇರೆ. ಸೂಪರ್‌ಕೊಲೈಡರಿನಲ್ಲಿ ಟ್ಯಾಬ್ಲೆಟ್‌ಗೆ ಅಂತ ಒಂದು ಸೌಲಭ್ಯ ಇದ್ದದ್ದು ಮ್ಯಾಕಿನ ಹಳೇ ಆವೃತ್ತಿಗಳಲ್ಲಿ ಮಾತ್ರ. ವಿಂಡೋಸಿನಲ್ಲಿ ಹಳೇ 'ವಿನ್‌ಟ್ಯಾಬ್' ಒಂದು ದಾರಿ, ಆಮೇಲೆ ಬಂದ 'ವಿಂಡೋಸ್ ಇಂಕ್' ಇನ್ನೊಂದು. ಅಲ್ಲಿ ಪೆನ್ನು ಒತ್ತಿ ಹಿಡಿದರೆ ಮೌಸಿನ ಬಲಗುಂಡಿ ಒತ್ತಿದ ಹಾಗೆ. ಅದಕ್ಕೇನಾ ಅಂತ ಯಂತ್ರ ಒಂದು ಕ್ಷಣ ಕಾಯುತ್ತೆ, ಅಷ್ಟರಲ್ಲಿ ಎತ್ತುಗಡೆ ತಪ್ಪಿರುತ್ತೆ! ಆ ಸೌಲಭ್ಯ ಆರಿಸಿಟ್ಟೇ ನುಡಿಸಬೇಕು. ಮ್ಯಾಕಿನಲ್ಲಿ ಪೆನ್ನಿನ ಸುದ್ದಿ ಮೌಸಿನ ಸುದ್ದಿ ಜೊತೆ ಬರುತ್ತೆ. ಹತ್ತಿರಹತ್ತಿರದ ಚಲನೆಗಳನ್ನ ಅದು ಒಟ್ಟುಗೂಡಿಸಿಬಿಡುತ್ತೆ, ಹಾಗೆ ಮಾಡಬೇಡ ಅಂತ ಹೇಳಬೇಕು. ಲಿನಕ್ಸಿನಲ್ಲಿ ಎಕ್ಸ್ ಒಂದು ರೀತಿ, ವೇಲ್ಯಾಂಡ್ ಇನ್ನೊಂದು ರೀತಿ. ನೇರ ಕರ್ನಲ್ಲಿನಿಂದ ಓದೋಣ ಅಂದ್ರೆ ಅನುಮತಿ ಬೇಕು.

ಪುಣ್ಯಕ್ಕೆ ಕ್ಯೂಟಿ ಅನ್ನೋ ಲೈಬ್ರರಿ ಈ ಎಲ್ಲ ದಾರಿಗಳನ್ನೂ ಒಂದೇ ಬಾಗಿಲಿಗೆ ತಂದು ನಿಲ್ಲಿಸುತ್ತೆ. ಪೆನ್ನು 2048 ಹಂತದ್ದಾಗಲಿ 8192 ಹಂತದ್ದಾಗಲಿ, ಒತ್ತಡ 0ಯಿಂದ 1ರ ಒಳಗೇ ಬರುತ್ತೆ. ಅಲ್ಲಿಂದ ಓಎಸ್‌ಸಿ ಮೂಲಕ ಯಾವ ಸಂಗೀತ ತಂತ್ರಾಂಶಕ್ಕೆ ಬೇಕಾದರೂ ಕಳಿಸಬಹುದು. ಆದರೂ ಎರಡು ಕೆಲಸ ನಾವೇ ಮಾಡ್ಕೋಬೇಕು. ಮೊದಲನೇದು, ಪೆನ್ನು ಸೆಕೆಂಡಿಗೆ 200 ಸಲ ಮಾತಾಡಿದರೆ ಶಬ್ದಕ್ಕೆ ಬೇಕಾದ್ದು 48000 ಸಂಖ್ಯೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವಿನ 240 ಸಂಖ್ಯೆಗಳನ್ನ ನುಣುಪಾಗಿ ತುಂಬದೇ ಇದ್ರೆ ಗಮಕ ಹೋಗಿ ಗರಗರ ಸದ್ದು ಬರುತ್ತೆ. ಎರಡನೇದು, ಗೆರೆಯನ್ನ ಪರದೆಯ ಪಿಕ್ಸೆಲ್ಲುಗಳಲ್ಲಿ ಉಳಿಸಲೇಬಾರದು. ಮೇಷ್ಟ್ರ ಪರದೆ ಬೇರೆ, ಇವಳ ಪರದೆ ಬೇರೆ. ಷಡ್ಜದಿಂದ ಎಷ್ಟು ಸೆಂಟ್ಸ್, ಎಷ್ಟು ಹೊತ್ತು, ಎಷ್ಟು ಒತ್ತಡ, ಇಷ್ಟೇ ಬರೆದಿಟ್ಟರೆ ಸಾಕು. ಶ್ರುತಿ ಅವಳದಿರಲಿ, ಗೆರೆ ಮೇಷ್ಟ್ರದಿರಲಿ.

ಬ್ಲಾಗಿಗರಿಗೆ ಇದನ್ನ ಬಿಡಿಸಿ ಹೇಳಬೇಕಾ? ಒಂದು ಫಾಂಟಿನಲ್ಲಿ ಬರೆದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರ ಆಗ್ತಿದ್ದ ಕಾಲ ನೋಡಿದವರು ನಾವು. ಯೂನಿಕೋಡ್ ಬಂದಮೇಲೆ 'ಕ' ಎಲ್ಲ ಕಡೆ 'ಕ' ಆಯ್ತು. ಅಕ್ಷರ ಫಾಂಟಿನ ಸ್ವತ್ತಲ್ಲ ಅಂತ ಒಪ್ಪಿಕೊಂಡಿದ್ದಕ್ಕೇ ತಾನೇ ನಾವಿಲ್ಲಿ ಬರೀತಾ ಇರೋದು? ಗಮಕವೂ ಹಾಗೇ, ಅದು ಯಾವ ಕಾರ್ಯಾಚರಣಾ ವ್ಯವಸ್ಥೆಯ ಸ್ವತ್ತೂ ಅಲ್ಲ.

ಗುರುವಿನ ಎದುರು ಕೂತು ಕಲಿಯೋದಕ್ಕೆ ಇದು ಬದಲಿ ಅಂತ ನಾನು ಹೇಳ್ತಿಲ್ಲ. ಗುರು ಎದುರಿಗಿಲ್ಲದ ಆರು ದಿನಗಳ ಮಾತಾಡ್ತಾ ಇದೀನಿ ಅಷ್ಟೇ. ನಿಮ್ಮಲ್ಲಿ ಸಂಗೀತವೂ ಪ್ರೋಗ್ರಾಮಿಂಗೂ ಎರಡೂ ಬಲ್ಲವರು ಇದ್ದೇ ಇರ್ತೀರ. ಮುಂದಿನ ಸಲ ಮುಕ್ತ ತಂತ್ರಾಂಶಕ್ಕೇನಾದ್ರೂ ಬರೆಯುವಾಗ, ಮೂರೂ ಕಡೆ ಓಡುತ್ತಾ ಅಂತ ಒಮ್ಮೆ ನೋಡ್ತೀರಾ?