ಪೆನ್ಸಿಲ್ ಹಿಡಿದು ಪದ್ಯ ಓದುವ ಸುಖ

ಇಂಗ್ಲಿಷ್ ಪದ್ಯಕ್ಕೆ ಪ್ರಸ್ತಾರ ಹಾಕುವುದು ನನಗೆ ಬಲು ಪ್ರಿಯವಾದ ಹವ್ಯಾಸ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು ಪದ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇನೆ, ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಪೆನ್ಸಿಲ್ ಹಿಡಿಯುತ್ತೇನೆ. ಪೆನ್ನು ಆಗದು, ಈ ಕೆಲಸದಲ್ಲಿ ಅಳಿಸಿ ಬರೆಯುವುದೇ ಹೆಚ್ಚು.

‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಬೆಳೆದವರಿಗೆ ಇದರ ಅರ್ಧ ಗೊತ್ತೇ ಇದೆ. ಲಘುವಿಗೆ ನಾವು ಹಾಕುವ ಬಟ್ಟಲಿನಂಥ ಗುರುತು ಅಲ್ಲಿಯೂ ಇದೆ. ಅಳೆಯುವ ವಸ್ತು ಮಾತ್ರ ಬೇರೆ. ನಮ್ಮಲ್ಲಿ ಎಣಿಸುವುದು ಕಾಲವನ್ನು: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದು ಗುರು. ಅಲ್ಲಿ ಎಣಿಸುವುದು ಉಸಿರಿನ ಒತ್ತನ್ನು. ‘ಪರ್ಮಿಟ್’ ಎನ್ನುವಾಗ ಮೊದಲ ಭಾಗವನ್ನು ಒತ್ತಿದರೆ ಕೈಯಲ್ಲಿರುವ ಪರವಾನಗಿ, ನಾಮಪದ. ಎರಡನೆಯದನ್ನು ಒತ್ತಿದರೆ ಅನುಮತಿ ಕೊಡುವ ಕ್ರಿಯಾಪದ. ವ್ಯಾಕರಣವೇ ಒತ್ತಿನ ಮೇಲೆ ನಿಂತಿದೆ.

ಷೇಕ್ಸ್‌ಪಿಯರ್, ಮಿಲ್ಟನ್ ನೆಚ್ಚಿಕೊಂಡ ಐಯಾಂಬಿಕ್ ಪೆಂಟಾಮೀಟರ್ ಎಂದರೆ ಒತ್ತಿಲ್ಲದ್ದೊಂದು, ಒತ್ತಿರುವುದೊಂದು, ಹೀಗೆ ಐದು ಜೋಡಿ. ಇದಕ್ಕೆ ಮಹಾಕಾವ್ಯವೇ ಬೇಕಿಲ್ಲ. ‘ಐಡ್ ಲೈಕ್ ಎ ಕಪ್ ಆಫ್ ಕಾಫಿ ಆಫ್ಟರ್ ಲಂಚ್’ ಎಂದು ಹೋಟೆಲಿನಲ್ಲಿ ಯಾರಾದರೂ ಹೇಳಿದರೆ ಲೈಕ್, ಕಪ್, ಕಾ, ಆಫ್, ಲಂಚ್ ಎಂಬ ಐದು ಕಡೆ ಒತ್ತು ಬಿದ್ದು ಛಂದಸ್ಸು ತಾನಾಗಿ ಕೂತಿರುತ್ತದೆ. ಇದೇ ಸಾಲಿಗೆ ನಮ್ಮ ಲೆಕ್ಕದಲ್ಲಿ ಪ್ರಸ್ತಾರ ಹಾಕಿ ನೋಡಿ: ಹತ್ತರಲ್ಲಿ ಎಂಟು ಗುರು! ‘ಎ’ ಮತ್ತು ‘ಫಿ’ ಎರಡೇ ಲಘು. ಕನ್ನಡದ ಕಿವಿಗೆ ಇಂಗ್ಲಿಷಿನ ಲಯ ತಟ್ಟನೆ ಸಿಗದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ದೀರ್ಘ ಕಂಡಲ್ಲೆಲ್ಲ ನಾವು ನಿಲ್ಲುತ್ತೇವೆ. ಅವರು ನಿಲ್ಲುವುದೇ ಬೇರೆ ಕಡೆ.

ಈಗ ಆ ಸಾಲಿನ ತಲೆಯನ್ನಷ್ಟೇ ಬದಲಿಸೋಣ: ‘ಗಿವ್ ಮಿ ಎ ಕಪ್ ಆಫ್ ಕಾಫಿ ಆಫ್ಟರ್ ಲಂಚ್’. ಹತ್ತು ಉಚ್ಚಾರಗಳು ಹತ್ತಾಗಿಯೇ ಉಳಿದವು, ಐದು ಒತ್ತು ಐದಾಗಿಯೇ ಉಳಿದವು. ಆದರೆ ಮೊದಲ ಗಣ ತಲೆಕೆಳಗಾಗಿ ಟ್ರೋಕಿ ಆಯಿತು, ಬಿನ್ನಹ ಆಜ್ಞೆಯಾಯಿತು. ನಾನು ಪೆನ್ಸಿಲ್ ಹಿಡಿಯುವುದೇ ಇಂಥ ಜಾಗಗಳಿಗಾಗಿ. ಗುರುತುಗಳು ಒಂದೇ ಸಮ ಸಾಗುತ್ತಿದ್ದು ಒಂದು ಕಡೆ ಮುರಿದವೋ, ಕವಿ ಅಲ್ಲಿ ಏನನ್ನೋ ಇಟ್ಟಿದ್ದಾನೆ. ಸುಮ್ಮನೆ ಕಣ್ಣಾಡಿಸಿದರೆ ಅದು ತಪ್ಪಿಹೋಗುತ್ತದೆ.

ಷೇಕ್ಸ್‌ಪಿಯರನ ಸಾನೆಟ್ಟುಗಳು ಅಚ್ಚಾದದ್ದು 1609ರಲ್ಲಿ, ಒಟ್ಟು 154. ಎಲ್ಲವೂ ಹದಿನಾಲ್ಕು ಸಾಲಿನವು ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ಎಣಿಸುವ ಚಟವಿದ್ದವರಿಗೆ 99ನೆಯದರಲ್ಲಿ ಹದಿನೈದು ಸಾಲು, 126ನೆಯದರಲ್ಲಿ ಹನ್ನೆರಡೇ ಸಾಲು ಸಿಗುತ್ತವೆ. 145ನೆಯದಂತೂ ಸಾಲಿಗೆ ನಾಲ್ಕೇ ಒತ್ತಿನದು. 126ರ ಕೊನೆಯಲ್ಲಿ ಮೊದಲ ಮುದ್ರಣದವರು ಎರಡು ಸಾಲಿನ ಜಾಗಕ್ಕೆ ಖಾಲಿ ಕಂಸಗಳನ್ನು ಹಾಕಿಬಿಟ್ಟಿದ್ದಾರೆ. ಆ ಕಂಸಗಳನ್ನು ಉಳಿಸಿಕೊಂಡ ಆವೃತ್ತಿಯೇ ನನಗೆ ಇಷ್ಟ.

ವಾದ ಕಟ್ಟುವುದನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗೂ ನಾನು ಸಾನೆಟ್ಟನ್ನೇ ಕೊಡುತ್ತೇನೆ. ಪೆಟ್ರಾರ್ಕನ ಕ್ರಮದಲ್ಲಿ ಎಂಟು ಸಾಲು ಒಂದು ಮಾತನ್ನು ಮಂಡಿಸುತ್ತವೆ, ಒಂಬತ್ತನೆಯ ಸಾಲಿನ ಹತ್ತಿರ ಮಾತು ತಿರುಗುತ್ತದೆ. ಇಟಲಿಯವರು ಈ ತಿರುವಿಗೆ ಇಟ್ಟ ಹೆಸರು ವೋಲ್ಟಾ. ಒಂದು ‘ಆದರೆ’ ಸಾಕು, ಅಲ್ಲಿಯವರೆಗಿನದೆಲ್ಲ ಪೂರ್ವಪಕ್ಷವಾಗಿಬಿಡುತ್ತದೆ. ಎದುರು ಮಾತಿಗೆ ಎಂಟು ಸಾಲು ಬಿಟ್ಟುಕೊಟ್ಟು ಆರರಲ್ಲಿ ಉತ್ತರ ಹೇಳುವ ಧೈರ್ಯ ಪ್ರಬಂಧ ಬರೆಯುವವರಿಗೆ ಬರಬೇಕು. ಪೂರ್ವಪಕ್ಷವನ್ನು ಒಂದು ಸಾಲಿನಲ್ಲಿ ಮುಗಿಸಿದ ವಾದವನ್ನು ನಾನು ನಂಬುವುದಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಬರೆದಾಗ ಮಾತ್ರೆ, ಒತ್ತು ಎಂಬ ಈ ಎರಡು ಲೆಕ್ಕಗಳ ನಡುವೆ ಕೂತಿದ್ದರು. ಒತ್ತನ್ನು ಅವರು ಕನ್ನಡಕ್ಕೆ ಎಳೆದು ತರಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ನಮ್ಮ ಗಣಗಳನ್ನೇ ಹೊಸ ಅಳತೆಯ ಸಾಲುಗಳಲ್ಲಿ ಜೋಡಿಸಿದರು. ಆ ಪುಸ್ತಕವನ್ನೂ ಮೂಲದ ಪದ್ಯಗಳನ್ನೂ ಪಕ್ಕಪಕ್ಕ ಇಟ್ಟು ಎರಡಕ್ಕೂ ಗುರುತು ಹಾಕುತ್ತ ಕೂತರೆ ಮಧ್ಯಾಹ್ನ ಕಳೆದದ್ದು ತಿಳಿಯುವುದಿಲ್ಲ.

ಇಷ್ಟು ಅಭ್ಯಾಸವಾದ ಮೇಲೆ ಹಾಪ್ಕಿನ್ಸನ ಬಳಿ ಹೋಗಬೇಕು. ಈ ಜೆಸ್ಯೂಟ್ ಪಾದ್ರಿ ತೀರಿಕೊಂಡದ್ದು 1889ರಲ್ಲಿ. ಗೆಳೆಯ ರಾಬರ್ಟ್ ಬ್ರಿಜಸ್ ಅವನ ಕವಿತೆಗಳ ಸಂಕಲನವನ್ನು ಹೊರತಂದದ್ದು 1918ರಲ್ಲಿ. ಅವನ ‘ಸ್ಪ್ರಂಗ್ ರಿದಮ್’ನಲ್ಲಿ ಲೆಕ್ಕಕ್ಕೆ ಬರುವುದು ಒತ್ತುಗಳು ಮಾತ್ರ, ನಡುವೆ ಎಷ್ಟು ಹಗುರ ಉಚ್ಚಾರಗಳು ನುಗ್ಗಿದರೂ ಅಡ್ಡಿಯಿಲ್ಲ. ಓದುವವರು ದಾರಿ ತಪ್ಪಬಾರದೆಂದು ಹಸ್ತಪ್ರತಿಯಲ್ಲಿ ಅವನೇ ಅಲ್ಲಲ್ಲಿ ಒತ್ತಿನ ಗುರುತು ಹಾಕಿದ್ದಾನೆ. ನಾನು ಅವನ್ನು ಮೊದಲು ಮುಚ್ಚಿಟ್ಟು ನನ್ನ ಗುರುತು ಹಾಕಿಕೊಳ್ಳುತ್ತೇನೆ, ಆಮೇಲೆ ತಾಳೆ ನೋಡುತ್ತೇನೆ. ಹೊಂದದ ಕಡೆ ಅವನು ಹೇಳಿದಂತೆ ಗಟ್ಟಿಯಾಗಿ ಓದುತ್ತೇನೆ. ಬಹಳ ಸಲ ಅವನೇ ಸರಿ.