ಕಾವು ಕೂರುವ ಕಾಲ

ಪಾಲಹಳ್ಳಿಯ ಕಬ್ಬಿನ ಗದ್ದೆಗಳ ಪಕ್ಕಕ್ಕೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಮೈಸೂರಿನ ಅರಸರು ಒಪ್ಪಿ, 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ನಡುಗಡ್ಡೆಗಳು. ಇಲ್ಲಿಗೆ ಬಂದವರು ಹಕ್ಕಿ ಎಣಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮೊಸಳೆ ಕಂಡರೆ ಕಿರುಚುತ್ತಾರೆ. ನನ್ನದು ಸೋಮಾರಿ ಹವ್ಯಾಸ: ಒಂದೇ ಗೂಡನ್ನು ನೋಡುತ್ತಾ ಕೂರುವುದು. ಬಣ್ಣದ ಕೊಕ್ಕರೆಯೊಂದು ಕಡ್ಡಿ ತರುತ್ತದೆ. ಜೊತೆಯದು ಈಸಿಕೊಂಡು ಸಿಕ್ಕಿಸುತ್ತದೆ, ಒಗ್ಗದೆ ಕಿತ್ತು ಮತ್ತೆ ಸಿಕ್ಕಿಸುತ್ತದೆ. ಮೀನು ಹಿಡಿದು ತಿಂದುಕೊಂಡು ತನ್ನ ಪಾಡಿಗಿದ್ದ ಹಕ್ಕಿಗೆ ಈ ಸಂಸಾರದ ಉಸಾಬರಿ ಹತ್ತಿಸಿದವರಾರು? ಇದನ್ನು ಯೋಚಿಸುವುದೇ ನನ್ನ ಸುಖ.

ಗುಟ್ಟಿರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ಜಪಾನಿನ ತಕಾಶಿ ಯೋಶಿಮುರಾ ಮತ್ತು ಸಂಗಡಿಗರು 2008ರಲ್ಲಿ ಒಂದು ಚಂದದ ಸಂಗತಿ ಪ್ರಕಟಿಸಿದರು. ಲಾವಕ್ಕಿಗಳಿಗೆ ದೀರ್ಘ ಹಗಲು ತೋರಿಸಿದರೆ, ಆ ಮೊದಲ ದಿನ ಬೆಳಗಾಗಿ ಸುಮಾರು 14 ಗಂಟೆಗೆ ಪಿಟ್ಯುಟರಿಯ ಕೆಲವು ಕೋಶಗಳಲ್ಲಿ ಥೈರಾಯ್ಡ್ ಪ್ರಚೋದಕ ಹಾರ್ಮೋನಿನ ಜೀನ್ ಎಚ್ಚರಗೊಳ್ಳುತ್ತದೆ. ಆ ಹಾರ್ಮೋನು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳಿನ ಮರುಸುದ್ದಿಗೆ ಪಿಟ್ಯುಟರಿಯೇ ಸಂತಾನದ ಹಾರ್ಮೋನುಗಳನ್ನು ಹರಿಸುತ್ತದೆ. ನಮ್ಮ ಪಾಲಹಳ್ಳಿಯಲ್ಲಾದರೋ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದಕ್ಕೂ ಒಂದೂವರೆ ಗಂಟೆಯ ಆಸುಪಾಸಿನ ವ್ಯತ್ಯಾಸ ಅಷ್ಟೆ. ಇಲ್ಲಿ ಬಿಸಿಲಿನ ಲೆಕ್ಕವೊಂದೇ ಸಾಲದು. ಮಳೆ, ಹೊಳೆಯ ನೀರು, ಮರಿಗಳಿಗೆ ಮೀನು ಎಲ್ಲವೂ ಕೂಡಿಬರಬೇಕು.

ನನಗೆ ಹೆಚ್ಚು ಇಷ್ಟ ಕಾವಿನ ದಿನಗಳು. ಅದರ ಪಾಠ ಹೇಳಿಕೊಟ್ಟದ್ದು ಹಿತ್ತಲಿನ ಕೋಳಿ. ಕಾವಿಗೆ ಕೂತ ನಾಟಿಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮೊಟ್ಟೆ ತೆಗೆದು ಗೂಡು ಕೆಡಿಸಿದರೆ ಕೆಲವು ದಿನಕ್ಕೆ ಮತ್ತೆ ಇಡತೊಡಗುತ್ತದೆ. ಎಲ್ಲ ಮನೆಗಳ ಹೆಂಗಸರಿಗೂ ಗೊತ್ತಿದ್ದ ಈ ವಿದ್ಯೆಯ ಹಿಂದಿರುವುದು ಪ್ರೊಲ್ಯಾಕ್ಟಿನ್ ಎಂಬ, ಕಾವಿಗೆ ಕೂರಿಸುವ ಪಿಟ್ಯುಟರಿಯ ಹಾರ್ಮೋನು. ಹೊಟ್ಟೆಯ ಬರಿಚರ್ಮಕ್ಕೆ ಮೊಟ್ಟೆ ತಾಗಿದ ಸುದ್ದಿ ಮಿದುಳಿಗೆ ಹೋಗುತ್ತದೆ. ಮಿದುಳು ವಿಐಪಿ ಎಂಬ, 28 ಅಮೈನೊ ಆಮ್ಲಗಳ ಕಿರಿದೊಂದು ಪೆಪ್ಟೈಡನ್ನು ಪಿಟ್ಯುಟರಿಗೆ ಕಳಿಸುತ್ತದೆ. ಅದು ಕೋಶದೊಳಕ್ಕೆ ಕಾಲಿಡುವುದೇ ಇಲ್ಲ. ಹೊರಪೊರೆಯ ಗ್ರಾಹಕವನ್ನು ತಾಗಿದರೆ ಸಾಕು. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸುದ್ದಿಗಾರ ಅಣು ಏರುತ್ತದೆ, ಪಿಟ್-1 ಎಂಬ ಪ್ರೋಟೀನು ಕಾಯುತ್ತಿರುವ ಪ್ರೊಲ್ಯಾಕ್ಟಿನ್ ಜೀನಿನ ನಕಲುಗಳು ಹೆಚ್ಚುತ್ತವೆ. ಮೊಟ್ಟೆ ಇದ್ದಷ್ಟು ದಿನ ಕಾವಿನ ಹಂಬಲ, ಕಾವು ಇದ್ದಷ್ಟು ದಿನ ಮೊಟ್ಟೆಯ ಸ್ಪರ್ಶ!

ಹೆದರಿಕೆಗೆ ಬೇರೆಯದೇ ದಾರಿ. ಹೆದರಿದಾಗ ಏರುವ ಹಾರ್ಮೋನು ಕಾರ್ಟಿಕೋಸ್ಟಿರಾನ್ ಪೊರೆಯನ್ನೇ ದಾಟಿ ಕೋಶದೊಳಕ್ಕೆ ನುಗ್ಗುತ್ತದೆ. ತನ್ನ ಗ್ರಾಹಕದ ಜೊತೆ ಡಿಎನ್‌ಎ ಮೇಲೆ ಕೂತು ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಅದುಮುತ್ತದೆ. ಬೆದರಿಕೆ ಬಹಳ ಹೊತ್ತು ಮುಂದುವರಿದರೆ ಹಕ್ಕಿ ಗೂಡು ಬಿಟ್ಟೇ ಹೋಗಬಹುದು. ದೋಣಿಯವರು ಇದನ್ನು ಓದಿದವರಲ್ಲ, ಆದರೂ ಗೂಡಿನ ಮಗ್ಗುಲಿಗೆ ಬಂದಾಗ ಹುಟ್ಟು ನಿಲ್ಲಿಸಿ, "ಸುಮ್ಕಿರಿ ಸಾ, ಎದ್ದೋಯ್ತವೆ" ಎನ್ನುತ್ತಾರೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರಾದರೂ, "ಅದು ಏನೂ ಮಾಡ್ತಾನೇ ಇಲ್ವಲ್ಲ, ಮುಂದಕ್ಕೆ ಹೋಗಪ್ಪ" ಎಂದು ಗೊಣಗುವುದುಂಟು. ಕಣ್ಣಿಗೆ ಕಾಣದಷ್ಟು ಕೆಲಸ ಆ ಹಕ್ಕಿಯೊಳಗೆ ನಡೆದಿದೆ ಎಂದು ಹೇಳಬೇಕೆನಿಸುತ್ತದೆ. ಹೇಳುವುದಿಲ್ಲ, ನಾನೂ ಏನೂ ಮಾಡದೆ ಕೂತವನೇ, ನನ್ನ ಪರವಾಗಿ ವಾದಿಸಲು ಮಾತ್ರ ಯಾವ ಹಾರ್ಮೋನೂ ಇಲ್ಲ.